ಇಂಪಿನ ಋಣವಿಲ್ಲದ ನಾದ

ಹೆಣ್ಣಿನ ಕಂಠದಿಂದ ಲೋಕವು ಮೊದಲು ಅಪೇಕ್ಷಿಸುವುದು ಇಂಪನ್ನು. ಈ ಅಪೇಕ್ಷೆ ಬಹುಕಾಲದಿಂದ ರೂಢವಾಗಿರುವ ಕಾರಣ ಪ್ರಕೃತಿನಿಯಮವೋ ಎಂಬಂತೆ ನಮ್ಮ ಕಿವಿಯಲ್ಲಿ ನೆಲೆಯೂರಿದೆ. ಗಂಡಸು ಗರ್ಜಿಸಿದರೆ ಗಾಂಭೀರ್ಯವೆಂದೂ ಹೆಂಗಸು ಗರ್ಜಿಸಿದರೆ ಕರ್ಕಶವೆಂದೂ ತೀರ್ಪು ಕೊಡುವ ಇಂಥ ಕಿವಿಗೆ, ಸೈಕೆಡೆಲಿಕ್ ನಾಯ್ಸ್ ರಾಕ್ ಎಂಬ ಸಂಗೀತದಲ್ಲಿ ಸ್ತ್ರೀಯರು ಎಬ್ಬಿಸುವ ಮಹಾಘೋಷವು, ಅಂದರೆ ವಿದ್ಯುತ್ ಗಿಟಾರುಗಳ ಮೊರೆತ, ಒಂದೇ ಲಯದ ದೀರ್ಘ ಆವರ್ತನ, ಶ್ರುತಿಯ ಅಂಚನ್ನು ಮೀರಿ ಹರಿಯುವ ಕೂಗು ಇವೆಲ್ಲ ಕೂಡಿದ ಆ ಪ್ರವಾಹವು, ಮೊದಲ ಸಲಕ್ಕೆ ಬರಿಯ ಗದ್ದಲವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಹಾಗೆಂದು ಕೈಬಿಡುವುದರಿಂದ ನಷ್ಟ ನಮಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಚ್ಚಿಸಬೇಕೆಂಬ ಹಂಗನ್ನು ತೊರೆದ ಕಲಾವಿದೆ ಎಂತಹ ನಾದಲೋಕವನ್ನು ಕಟ್ಟಬಲ್ಲಳೆಂಬುದು ಅಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣಸಿಗದು.

1965ರಲ್ಲಿ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡವನ್ನು ಸೇರಿದ ಮೊರೀನ್ ಟಕರ್ ಅವರನ್ನು ಇಲ್ಲಿ ಮೊದಲು ನೆನೆಯಬೇಕು. ಡ್ರಮ್ ಬಾರಿಸುವವರೆಲ್ಲ ಕುಳಿತು ಬಾರಿಸುತ್ತಿದ್ದ ಕಾಲದಲ್ಲಿ ಅವರು ನಿಂತು, ದೊಡ್ಡ ಬೇಸ್ ಡ್ರಮ್ಮನ್ನು ಮುಖ ಮೇಲಾಗುವಂತೆ ಮಲಗಿಸಿಕೊಂಡು, ಮೆತ್ತನೆಯ ತಲೆಯ ಕೋಲುಗಳಿಂದ ಬಾರಿಸುತ್ತಿದ್ದರು. ಝಣಝಣಿಸುವ ಸಿಂಬಲ್ಲುಗಳನ್ನು ಬಹುಮಟ್ಟಿಗೆ ದೂರವಿಟ್ಟಿದ್ದರು. ಆ ತಂಡದ 1968ರ ಹಾಡು ‘ಸಿಸ್ಟರ್ ರೇ’ಯಲ್ಲಿ ಹದಿನೇಳು ನಿಮಿಷಗಳ ಪರ್ಯಂತ ಗಿಟಾರುಗಳೂ ಆರ್ಗನ್ನೂ ಒಂದನ್ನೊಂದು ಮುಳುಗಿಸಲು ಹವಣಿಸುತ್ತಿರುವಾಗ, ಯಾವ ಅಲಂಕಾರವೂ ಇಲ್ಲದ ಆ ಪೆಟ್ಟೊಂದೇ ಅಷ್ಟೂ ರಭಸವನ್ನು ಒಂದು ದಡದೊಳಗೆ ಹಿಡಿದಿಟ್ಟಿರುತ್ತದೆ.

ಈ ಘೋಷವು ಕೌಶಲವಿಲ್ಲದೆ ಹುಟ್ಟುವುದೆಂಬ ಭಾವನೆಯೂ ಸರಿಯಲ್ಲ. ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಪಿಕಪ್ ಆ ಕಂಪನವನ್ನು ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ಸ್ಪೀಕರಿನಿಂದ ಹೊರಟ ಧ್ವನಿ ಮರಳಿ ಬಂದು ಅದೇ ತಂತಿಯನ್ನು ನಡುಗಿಸುತ್ತದೆ. ಈ ಚಕ್ರ ಸುತ್ತತೊಡಗಿತೆಂದರೆ ಬೆರಳು ಸೋಕದೆಯೇ ತಂತಿ ಹಾಡುತ್ತದೆ. ಫೀಡ್‌ಬ್ಯಾಕ್ ಎಂಬುದು ಇದೇ. ವಾದಕಿ ಸ್ಪೀಕರಿನತ್ತ ಒಂದು ಹೆಜ್ಜೆ ಇಟ್ಟರೆ ಸ್ವರ ಉಕ್ಕುತ್ತದೆ, ಹೆಗಲನ್ನು ತುಸು ಹೊರಳಿಸಿದರೆ ಮತ್ತೊಂದು ಸ್ವರಕ್ಕೆ ಜಿಗಿಯುತ್ತದೆ. ಬೆರಳಷ್ಟೇ ಅಲ್ಲದೆ ನಿಲುವು, ದೂರ, ತಿರುವು ಎಲ್ಲವೂ ವಾದನದ ಅಂಗಗಳಾಗುತ್ತವೆ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ಆಲ್ಬಮ್ ‘ಲವ್‌ಲೆಸ್’ನಲ್ಲಿ ಬಿಲಿಂಡಾ ಬುಚರ್ ಅವರ ಕಂಠ ಮೃದುವೇ, ಮಧುರವೇ, ಆದರೂ ಗಿಟಾರುಗಳನ್ನು ಹಿಂದಕ್ಕೆ ಸರಿಸಿ ಅದನ್ನು ಮುಂದೆ ನಿಲ್ಲಿಸಿ ಮೆರೆಸುವ ಪರಿಪಾಟಿಯನ್ನು ಅಲ್ಲಿ ಕೈಬಿಟ್ಟಿರುವುದರಿಂದ, ಮಾತು ಅಸ್ಪಷ್ಟವಾಗಿ, ಕಂಠವೂ ಆ ಮೊರೆತದ ಒಂದು ಎಳೆಯಾಗಿ ಬೆರೆತುಹೋಗಿದೆ. ಮಾಧುರ್ಯವು ಪ್ರದರ್ಶನದ ಭಾರವನ್ನು ಕಳೆದುಕೊಂಡಾಗ ಎಷ್ಟು ಹಗುರಾಗುತ್ತದೆಂಬುದನ್ನು ನಾನು ಅರಿತದ್ದು ಅಲ್ಲಿಯೇ.

ಅಬ್ಬರವಿದ್ದಲ್ಲೆಲ್ಲ ಕ್ರೋಧವಿದೆಯೆಂದು ತಿಳಿಯುವವರು ಜಪಾನಿನ ಓಸಾಕಾದ ಸ್ತ್ರೀಯರನ್ನು ಕೇಳಬೇಕು. ಬೋರ್ಡಮ್ಸ್ ತಂಡದ ಡ್ರಮ್ ವಾದಕಿ ಯೋಶಿಮಿ ಕಟ್ಟಿದ ‘ಓಓಐಓಓ’ ತಂಡದಲ್ಲಿಯೂ, ಓನಿ ಮತ್ತು ಪಿಕಾಚು ಎಂಬಿಬ್ಬರು ಬರಿಯ ಒಂದು ಗಿಟಾರು, ಒಂದು ಡ್ರಮ್ಮು ಹಿಡಿದು ಕೆಂಪು ಉಡುಪಿನಲ್ಲಿ ಮೆರೆದ ‘ಅಫ್ರಿರಾಂಪೋ’ದಲ್ಲಿಯೂ ಕೇಳಿಬರುವುದು ನಿರರ್ಥ ಅಕ್ಷರಗಳ ಕೇಕೆ, ನಗೆ, ತಾಳ ತಪ್ಪಿತೆನ್ನುವಷ್ಟರಲ್ಲಿ ಮತ್ತೆ ಕೂಡಿಕೊಳ್ಳುವ ಆಟ. ಅದು ಶುದ್ಧ ಹರ್ಷ.

ಇವೆಲ್ಲ ನಮಗೆ ತೀರ ದೂರದವೇನೂ ಅಲ್ಲ. ವೆಲ್ವೆಟ್ ಅಂಡರ್‌ಗ್ರೌಂಡಿನ ಜಾನ್ ಕೇಲ್ ಒಂದೇ ಸ್ವರವನ್ನು ಬಹುಹೊತ್ತು ಎಳೆದು ನಿಲ್ಲಿಸುವ ವಿದ್ಯೆಯನ್ನು ಸಾಧಿಸಿದ್ದು ಸಂಗೀತರಚನಕಾರ ಲಾ ಮಾಂಟ್ ಯಂಗ್ ಅವರ ಗೋಷ್ಠಿಯಲ್ಲಿ; ಅಲ್ಲಿ ಕಂಠದಿಂದ ಶ್ರುತಿ ಹಿಡಿಯುತ್ತಿದ್ದವರು ಮರಿಯನ್ ಜಜೀಲಾ. ಮುಂದೆ 1970ರಲ್ಲಿ ಯಂಗ್, ಜಜೀಲಾ ಇಬ್ಬರೂ ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರ ಶಿಷ್ಯತ್ವ ವಹಿಸಿದರು. ಕುಂದಗೋಳದ ಸವಾಯಿ ಗಂಧರ್ವರದೂ, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರದೂ ಅದೇ ಘರಾಣೆ. ಗಂಟಲಿನ ಚಿಕಿತ್ಸೆಯ ಅನಂತರ ಗಂಗೂಬಾಯಿಯವರ ದನಿ ಗಂಡುದನಿಯೆನಿಸುವಷ್ಟು ತಗ್ಗಿ ಗಡುಸಾದಾಗ, ಅವರು ಹಿಂದಿನ ತೆಳುಸ್ವರಕ್ಕಾಗಿ ಹಂಬಲಿಸುತ್ತ ಕೂಡದೆ, ಆ ಗಡುಸಿನಲ್ಲಿಯೇ ಖಯಾಲನ್ನು ಕಟ್ಟಿ ನಿಲ್ಲಿಸಿದರು. ಅದನ್ನು ತಲೆಬಾಗಿ ಕೇಳಿದ ನಾಡು ನಮ್ಮದು.

ಆದುದರಿಂದ ಆಸಕ್ತರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಈ ಸಂಗೀತವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ತಗ್ಗಿನ ಸ್ವರಗಳೆಲ್ಲ ಅಲ್ಲಿ ಲುಪ್ತವಾಗಿ ಕಿರುಚಾಟವೊಂದೇ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನಾಗಲಿ ದೊಡ್ಡ ಸ್ಪೀಕರಾಗಲಿ ಒದಗಿದಾಗ, ಜಾವಾದ ಗ್ಯಾಮೆಲಾನ್ ವಾದ್ಯಗಳ ಕಂಚಿನ ನಾದವನ್ನು ಗಿಟಾರಿನೊಡನೆ ಹೆಣೆದ ಓಓಐಓಓ ತಂಡದ ಆಲ್ಬಮ್ ‘ಗ್ಯಾಮೆಲ್’ನಿಂದ ಆರಂಭಿಸಿ; ಜಾಗಟೆ, ತಾಳಗಳ ನಡುವೆ ಬೆಳೆದ ಕಿವಿಗೆ ಆ ಬಾಗಿಲು ಸುಲಭವಾಗಿ ತೆರೆದೀತು. ‘ಸಿಸ್ಟರ್ ರೇ’ಗೆ ಆಮೇಲೆ ಬರಬಹುದು.