ಹೊಸ ಕಾರಿನ ಮೀಟರ್‌ನಲ್ಲಿ 700 ಕಿ.ಮೀ: ನಾಗ್ಪುರದ ಗ್ರಾಹಕ ಯಾರನ್ನು ಕೇಳಬೇಕು?

ಹೊಸ ಕಾರು ಬುಕ್ ಮಾಡಿದವರು ಬಣ್ಣ, ವೇರಿಯಂಟ್, ಆನ್‌ರೋಡ್ ಬೆಲೆ, ಡಿಸ್ಕೌಂಟ್ ಎಲ್ಲವನ್ನೂ ವಿಚಾರಿಸುತ್ತಾರೆ. ಡೆಲಿವರಿ ದಿನ ಓಡೋಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಇರಬೇಕು ಎಂದು ಕೇಳುವವರು ಕಡಿಮೆ. ಕೀ ಕೈಗೆ ಬಂದು, ಸೀಟಿನಲ್ಲಿ ಕುಳಿತು ಸ್ಟಾರ್ಟ್ ಮಾಡಿದಾಗಲೇ ಆ ಸಂಖ್ಯೆ ಕಣ್ಣಿಗೆ ಬೀಳುವುದು. ಅಲ್ಲಿ 18 ಅಥವಾ 40 ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 700 ಇದ್ದರೆ?

ನಾಗ್ಪುರದಂಥ ಊರಿನಲ್ಲಿ ಇದು ಬರೀ ಊಹೆಯ ಪ್ರಶ್ನೆಯಲ್ಲ. ದೇಶದ ನಡುಮಧ್ಯದ ಈ ನಗರದಲ್ಲಿ ರಾಷ್ಟ್ರೀಯ ಹೆದ್ದಾರಿ 44 ಮತ್ತು 53 ಸಂಧಿಸುತ್ತವೆ. ಮಹೀಂದ್ರಾ ಟ್ರ್ಯಾಕ್ಟರ್‌ಗಳು ಇಲ್ಲಿ ತಯಾರಾಗುತ್ತವೆ. ಆದರೆ ಶೋರೂಮ್‌ನಲ್ಲಿ ನಿಲ್ಲುವ ಕಾರುಗಳೆಲ್ಲ ದೂರದಿಂದ ಬರಬೇಕು: ಪುಣೆ ಬಳಿಯ ಚಾಕಣ್, ಹರಿಯಾಣದ ಮಾನೇಸರ್, ಚೆನ್ನೈ ಬಳಿಯ ಶ್ರೀಪೆರಂಬದೂರು, ನಮ್ಮ ಬಿಡದಿ. ಇವುಗಳಲ್ಲಿ ಹತ್ತಿರದ ಪುಣೆಯೇ ಸುಮಾರು 700 ಕಿ.ಮೀ ದೂರ.

ಸಾಮಾನ್ಯವಾಗಿ ಈ ದಾರಿಯನ್ನು ಕಾರು ಟ್ರೇಲರ್ ಮೇಲೆ ಅಥವಾ ರೈಲಿನಲ್ಲಿ ದಾಟುತ್ತದೆ, ಮೀಟರ್ ಓಡುವುದಿಲ್ಲ. ಕಾರ್ಖಾನೆಯ ಪರೀಕ್ಷೆ, ಟ್ರೇಲರ್‌ಗೆ ಹತ್ತಿಸಿ ಇಳಿಸುವುದು, ಊರಾಚೆಯ ಸ್ಟಾಕ್‌ಯಾರ್ಡ್‌ನಿಂದ ಶೋರೂಮ್‌ಗೆ ತರುವುದು, ಡೆಲಿವರಿಗೆ ಮುಂಚಿನ ತಪಾಸಣೆ ಅಂದರೆ ಪಿಡಿಐ, ಇವೆಲ್ಲ ಸೇರಿ ಒಂದಷ್ಟು ಕಿಲೋಮೀಟರ್ ಆಗುತ್ತದೆ. ಮೀಟರ್‌ನಲ್ಲಿ ಸೊನ್ನೆಯೇ ಇರಬೇಕು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಪರೀಕ್ಷೆಯೇ ಆಗದ ಕಾರು ಯಾರಿಗೆ ಬೇಕು?

ತೊಂದರೆ ಶುರುವಾಗುವುದು ಗ್ರಾಹಕ ಕೇಳಿದ ಬಣ್ಣ ನಾಗ್ಪುರದ ಡೀಲರ್ ಬಳಿ ಇಲ್ಲದೆ, ಪುಣೆಯ ಇನ್ನೊಬ್ಬ ಡೀಲರ್ ಬಳಿ ಇದ್ದಾಗ. ಒಂದೇ ಕಾರಿಗೆ ಟ್ರೇಲರ್ ಬುಕ್ ಮಾಡಿದರೆ ದುಬಾರಿ, ಲೋಡ್ ತುಂಬುವವರೆಗೆ ಕಾಯಬೇಕು. ಗ್ರಾಹಕನಿಗೆ ದಸರಾದಂದೇ ಗಾಡಿ ಮನೆಗೆ ಬರಬೇಕು. ಆಗ ಸುಲಭದ ದಾರಿ ಎಂದರೆ ಒಬ್ಬ ಡ್ರೈವರ್‌ನನ್ನು ಕಳಿಸಿ ಕಾರನ್ನು ಓಡಿಸಿಕೊಂಡು ಬರುವುದು. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಶೋರೂಮ್‌ಗಳಲ್ಲಿ ನೂಕುನುಗ್ಗಲು ಉಂಟಾಗಿತ್ತು. ಅಂಥ ದಿನಗಳಲ್ಲಿ ಈ ಆಮಿಷ ಇನ್ನಷ್ಟು ಹೆಚ್ಚು. ಬೆಂಗಳೂರಿನಿಂದ ಕಲಬುರಗಿಗೋ ಬೀದರ್‌ಗೋ ಕಾರು ತರಿಸಿಕೊಳ್ಳುವ ನಮ್ಮ ಗ್ರಾಹಕರ ಕಥೆಯೂ ಬೇರೆಯಲ್ಲ.

ಹಾಗೆ ತಂದರೆ ಕಾನೂನುಬಾಹಿರವೇ? ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಟ್ರೇಡ್ ಸರ್ಟಿಫಿಕೇಟ್ ಇರುವ ಡೀಲರ್‌ಗೆ ನೋಂದಣಿಯಾಗದ ವಾಹನವನ್ನು ಕೆಲವು ಕೆಲಸಗಳಿಗೆ ರಸ್ತೆಗಿಳಿಸಲು ಅನುಮತಿ ಕೊಡುತ್ತವೆ. ಗ್ರಾಹಕರಿಗೆ ಟ್ರಯಲ್ ತೋರಿಸುವುದು, ರಿಪೇರಿಗೆ ಒಯ್ಯುವುದು ಅದರಲ್ಲಿವೆ. ಡೆಲಿವರಿಗಾಗಿ ಒಬ್ಬ ಡೀಲರ್‌ನಿಂದ ಇನ್ನೊಬ್ಬ ಡೀಲರ್ ಬಳಿಗೆ ಓಡಿಸಿಕೊಂಡು ಹೋಗುವುದೂ ಇದೆ. ಆದ್ದರಿಂದ ಮೀಟರ್‌ನ ಸಂಖ್ಯೆಯೊಂದನ್ನೇ ಹಿಡಿದು ಡೀಲರ್ ವಂಚಕ ಎನ್ನಲಾಗದು. ಆ ಸಂಖ್ಯೆಯನ್ನು ಗ್ರಾಹಕನಿಗೆ ಯಾವಾಗ, ಹೇಗೆ ತಿಳಿಸಿದರು ಎನ್ನುವುದೇ ಇಲ್ಲಿ ನೋಡಬೇಕಾದದ್ದು.

700 ಕಿ.ಮೀ ಎಂದರೆ ಏನು ನಷ್ಟ?

‘ಇಂಜಿನ್ ಲಕ್ಷಾಂತರ ಕಿಲೋಮೀಟರ್ ಬಾಳುತ್ತದೆ, 700 ಯಾವ ಲೆಕ್ಕ’ ಎಂಬುದು ಮಾರಾಟಗಾರರ ಮಾಮೂಲಿ ಸಮಾಧಾನ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕಾರಿನ ಜೊತೆ ಬರುವ ಕೈಪಿಡಿಯಲ್ಲೇ ಸಿಗುತ್ತದೆ. ಮೊದಲ ಸಾವಿರ ಕಿಲೋಮೀಟರ್‌ವರೆಗೆ ಇಂಜಿನ್ನನ್ನು ಜೋರಾಗಿ ರೇಸ್ ಮಾಡಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎಂದು ಬಹುತೇಕ ಕಂಪನಿಗಳ ಕೈಪಿಡಿಗಳು ಹೇಳುತ್ತವೆ. ಪಿಸ್ಟನ್ ರಿಂಗ್, ಗೇರ್, ಬ್ರೇಕ್ ಪ್ಯಾಡ್‌ಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಅದು.

ಮುಂಬೈ–ನಾಗ್ಪುರ ಸಮೃದ್ಧಿ ಹೆದ್ದಾರಿಯ ಉದ್ದ 701 ಕಿ.ಮೀ. ಅದರ ನಾಗ್ಪುರ–ಶಿರಡಿ ಭಾಗ 2022ರ ಡಿಸೆಂಬರ್‌ನಲ್ಲೂ ಪೂರ್ತಿ ರಸ್ತೆ 2025ರ ಜೂನ್‌ನಲ್ಲೂ ತೆರೆಯಿತು. ಬಯಲು ಪ್ರದೇಶದಲ್ಲಿ ಕಾರುಗಳಿಗೆ ಗಂಟೆಗೆ 120 ಕಿ.ಮೀ ಮಿತಿ. ಪುಣೆಯಿಂದ ಹೊರಟು ಈ ರಸ್ತೆ ಹಿಡಿದು, ಬೇಗ ತಲುಪಿಸಿ ವಾಪಸ್ ಬಸ್ ಹತ್ತಬೇಕಿರುವ ಡ್ರೈವರ್ ಕೈಪಿಡಿಯ ಸಲಹೆ ಪಾಲಿಸುತ್ತಾನೆಂದು ನಿರೀಕ್ಷಿಸುವುದು ಕಷ್ಟ. ಮಾಲೀಕ ಮಾಡಬೇಕಿದ್ದ ಹದ ಮಾಡುವ ಕೆಲಸವನ್ನು ಬೇರೆ ಯಾರೋ ತಮ್ಮಿಷ್ಟದಂತೆ ಮಾಡಿ ಮುಗಿಸಿರುತ್ತಾರೆ.

ಲೆಕ್ಕದ ನಷ್ಟವೂ ಇದೆ. ಹಲವು ಕಾರುಗಳ ಮೊದಲ ಉಚಿತ ಸರ್ವಿಸ್ 1,000 ಕಿ.ಮೀ ಅಥವಾ ಒಂದು ತಿಂಗಳಿಗೆ. ವಾರಂಟಿಯಲ್ಲೂ ವರ್ಷ ಅಥವಾ ಕಿಲೋಮೀಟರ್, ಯಾವುದು ಮೊದಲೋ ಅದು. ಟೈರು ಸವೆದದ್ದು, ದಾರಿಯಲ್ಲಿ ಬಂಪರ್ ತಾಗಿಸಿ ಬಣ್ಣ ಬಳಿದದ್ದು ಇದ್ದರೆ ಅದು ಇನ್ನೂ ಬೇರೆ. ಲಾರಿ, ಬಸ್ಸು ಕೊಳ್ಳುವವರಿಗೆ ಈ ಚಿಂತೆ ಇಲ್ಲ. ಹೆದ್ದಾರಿಯಲ್ಲಿ ಹೊಸ ಚಾಸಿಗಳು ಸಾಲಾಗಿ ಓಡಿಕೊಂಡೇ ಹೋಗುವುದನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಕೊಳ್ಳುವವನಿಗೂ ಮೊದಲೇ ಗೊತ್ತಿರುತ್ತದೆ, ವ್ಯತ್ಯಾಸ ಅಷ್ಟೇ.

ಗೋವಾದ 622 ಕಿ.ಮೀ

ಇಂಥ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಗೋವಾದ ಆಂಟೋನಿಯೊ ಪಾಲೊ ವಾಜ್ ಎಂಬುವವರು 2011ರ ಮಾದರಿಯ ಟಾಟಾ ಕಾರಿಗೆ ಹಣ ಕಟ್ಟಿದ್ದರು. ಡೀಲರ್ ಕೊಟ್ಟದ್ದು 2009ರ ಮಾದರಿ, ಅದೂ ಆಗಲೇ 622 ಕಿ.ಮೀ ಓಡಿದ್ದು. ಕಾರು ಬದಲಿಸಿ ಇಲ್ಲವೇ ಹಣ ವಾಪಸ್ ಕೊಡಿ ಎಂದು ಅವರು ಗ್ರಾಹಕ ವೇದಿಕೆಗೆ ಹೋದರು. ಡೀಲರ್ ಜೊತೆಗೆ ತಯಾರಕ ಕಂಪನಿಯೂ ಹೊಣೆ ಎಂದು ಗ್ರಾಹಕ ವೇದಿಕೆಗಳು ಹೇಳಿದವು, ರಾಷ್ಟ್ರೀಯ ಆಯೋಗವೂ ಅದನ್ನು ಎತ್ತಿಹಿಡಿಯಿತು. ಟಾಟಾ ಮೋಟಾರ್ಸ್ ಮೇಲ್ಮನವಿ ಸಲ್ಲಿಸಿತು.

2021ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಕಂಪನಿಯನ್ನು ಹೊಣೆಯಿಂದ ಬಿಡಿಸಿತು. ಕಂಪನಿ ಮತ್ತು ಡೀಲರ್ ನಡುವಿನದು ಯಜಮಾನ–ಏಜೆಂಟ್ ಸಂಬಂಧವಲ್ಲ, ಇಬ್ಬರೂ ಸ್ವತಂತ್ರ ವ್ಯಾಪಾರಿಗಳು. ಕಾರು ಡೀಲರ್ ಕೈ ಸೇರಿದ ಮೇಲೆ ಅಲ್ಲಿ ನಡೆದದ್ದು ಕಂಪನಿಗೆ ಗೊತ್ತಿತ್ತು ಎಂಬುದಕ್ಕೆ ಪುರಾವೆ ಇಲ್ಲದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂಬುದು ಆ ತೀರ್ಪಿನ ತಿರುಳು. ಡೀಲರ್ ಹೊಣೆ ಹಾಗೇ ಉಳಿಯಿತು.

ಗ್ರಾಹಕರ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಶೋರೂಮ್‌ನ ಹೊರಗೂ ಒಳಗೂ ರಾರಾಜಿಸುವುದು ಕಂಪನಿಯ ಹೆಸರು. ಜನ ನಂಬಿ ಹಣ ಕಟ್ಟುವುದು ಆ ಹೆಸರಿಗೆ. ಆದರೆ ಮೀಟರ್ ಎಷ್ಟು ಓಡಿತ್ತು ಎಂಬ ಜಗಳದಲ್ಲಿ ಎದುರು ನಿಲ್ಲುವುದು ಸ್ಥಳೀಯ ಡೀಲರ್ ಒಬ್ಬನೇ. ಆ ಡೀಲರ್ ಅಂಗಡಿ ಮುಚ್ಚಿಕೊಂಡು ಹೋದರೆ ಗೆದ್ದ ಆದೇಶವನ್ನು ಜಾರಿ ಮಾಡಿಸಿಕೊಳ್ಳುವುದೇ ಇನ್ನೊಂದು ಯುದ್ಧ.

ಮೀಟರ್ ವಿಚಾರದಲ್ಲಿ ತಯಾರಕ ಕಂಪನಿಯೇ ಸಿಕ್ಕಿಬಿದ್ದ ಉದಾಹರಣೆ ಅಮೆರಿಕದ್ದು. ಅಧಿಕಾರಿಗಳು ಓಡೋಮೀಟರ್ ಸಂಪರ್ಕ ಕಿತ್ತು ಓಡಿಸಿದ್ದ ಕಾರುಗಳನ್ನು ಹೊಸದೆಂದು ಮಾರಿದ ಆರೋಪ 1987ರಲ್ಲಿ ಕ್ರೈಸ್ಲರ್ ಮೇಲೆ ಬಂತು. ಅಂಥ ಕಾರುಗಳು 60,000ಕ್ಕೂ ಹೆಚ್ಚು, ಕೆಲವು ಅಪಘಾತವಾಗಿ ರಿಪೇರಿಯಾದವು. ಕಂಪನಿಯ ಮುಖ್ಯಸ್ಥ ಲೀ ಅಯಕೋಕಾ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮದಲ್ಲಿ ‘ಬಳಸಿದ ವಾಹನ’ಕ್ಕೆ ಸ್ಪಷ್ಟ ವ್ಯಾಖ್ಯೆ ಇದೆ: ಡೆಲಿವರಿಗೆ ಮುನ್ನ ಸಾಗಿಸಲು ಮತ್ತು ಪರೀಕ್ಷಿಸಲು ಬೇಕಾದ ಸೀಮಿತ ಓಟಕ್ಕಿಂತ ಹೆಚ್ಚು ಓಡಿದ್ದರೆ ಅದು ಬಳಸಿದ್ದೇ.

ನೋಡುವ ಕಣ್ಣೇ ಇಲ್ಲವಾಯಿತು

ನಮ್ಮಲ್ಲಿ ಎಷ್ಟು ಕಿ.ಮೀ ಓಡಿದರೆ ಕಾರು ‘ಹೊಸದಲ್ಲ’ ಎಂದು ಮೋಟಾರು ವಾಹನ ಕಾಯ್ದೆ ಹೇಳುವುದಿಲ್ಲ. ಕಾಯ್ದೆಯ 2019ರ ತಿದ್ದುಪಡಿ ಇನ್ನೊಂದು ಬದಲಾವಣೆ ತಂದಿತು. ಅಧಿಕೃತ ಡೀಲರ್ ಮಾರಿದ ಹೊಸ ವಾಹನವನ್ನು ಮೊದಲ ನೋಂದಣಿಗಾಗಿ ಆರ್‌ಟಿಒ ಮುಂದೆ ಹಾಜರುಪಡಿಸಬೇಕಿಲ್ಲ, ಅರ್ಜಿಯನ್ನೂ ಡೀಲರೇ ಹಾಕುತ್ತಾನೆ. ಆರ್‌ಟಿಒ ಅಂಗಳದ ಕ್ಯೂ, ಏಜೆಂಟರ ಕಾಟ ತಪ್ಪಿತು, ಅದು ಒಳ್ಳೆಯದೇ. ಆದರೆ ಗ್ರಾಹಕ ಮತ್ತು ಡೀಲರ್ ಇಬ್ಬರನ್ನೂ ಬಿಟ್ಟು ಆ ಕಾರನ್ನು ನೋಡುತ್ತಿದ್ದ ಮೂರನೆಯ ವ್ಯಕ್ತಿಯೂ ತಪ್ಪಿಹೋದ.

ಇದರ ಜೊತೆಗೆ, ನೋಂದಣಿ ಸಂಖ್ಯೆ ಇಲ್ಲದೆ ಕಾರನ್ನು ಗ್ರಾಹಕನಿಗೆ ಒಪ್ಪಿಸುವಂತಿಲ್ಲ. ಅಂದರೆ ಡೆಲಿವರಿ ದಿನ ರಿಬ್ಬನ್ ಕಟ್ಟಿ ನಿಲ್ಲಿಸಿದ ಕಾರಿಗೆ ಎಂಎಚ್ 31 ಅಥವಾ ಎಂಎಚ್ 49ರ ಫಲಕ ಆಗಲೇ ಬಿದ್ದಿರುತ್ತದೆ. ಮೀಟರ್ ನೋಡಿ ಗ್ರಾಹಕ ಬೆಚ್ಚಿಬೀಳುವ ಹೊತ್ತಿಗೆ ಕಾರು ದಾಖಲೆಯಲ್ಲಿ ಅವನದೇ ಆಗಿರುತ್ತದೆ. ಆಗ ಬೇಡವೆನ್ನುವುದು ಸುಲಭವಲ್ಲ. ‘ಎರಡು ಸರ್ವಿಸ್ ಫ್ರೀ ಕೊಡುತ್ತೇವೆ, ಮ್ಯಾಟ್ ಹಾಕಿಸಿಕೊಡುತ್ತೇವೆ’ ಎಂಬ ರಾಜಿಗೆ ಒಪ್ಪುವವರೇ ಹೆಚ್ಚು.

ವಿಚಿತ್ರವೆಂದರೆ ಹಳೆ ಕಾರು ಮಾರುವವರ ಮೇಲೆ ಇದಕ್ಕಿಂತ ಬಿಗಿಯಾದ ನಿಯಮವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ, 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳ ಪ್ರಕಾರ, ನೋಂದಾಯಿತ ವಾಹನಗಳ ಡೀಲರ್ ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್ ಇಡಬೇಕು. ಯಾಕೆ ಓಡಿಸಿದರು, ಯಾರು ಓಡಿಸಿದರು, ಎಷ್ಟು ಹೊತ್ತಿಗೆ, ಎಷ್ಟು ಕಿ.ಮೀ ಎಲ್ಲವೂ ಅದರಲ್ಲಿರಬೇಕು. ಆದರೆ ಹೊಸ ಕಾರಿನ ಮಾರಾಟ ಪತ್ರ, ಅಂದರೆ ಫಾರ್ಮ್ 21ರಲ್ಲಿ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆ, ತಯಾರಾದ ತಿಂಗಳು–ವರ್ಷ, ಬಣ್ಣದವರೆಗೆ ಎಲ್ಲದಕ್ಕೂ ಜಾಗವಿದೆ, ಓಡೋಮೀಟರ್‌ಗೆ ಇಲ್ಲ. ಆ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಸಚಿವಾಲಯದ ಅಧಿಸೂಚನೆ ಸಾಕು. ಖಾತೆಯ ಸಚಿವ ನಿತಿನ್ ಗಡ್ಕರಿ ನಾಗ್ಪುರದ್ದೇ ಸಂಸದರು.

ಅಲ್ಲಿಯವರೆಗೆ ಗ್ರಾಹಕನ ಕಾಲ ಒಂದೇ: ನೋಂದಣಿಗೆ ಮುಂಚೆ. ಪೂರ್ತಿ ಹಣ ಕಟ್ಟುವ ಮೊದಲು ಸ್ಟಾಕ್‌ಯಾರ್ಡ್‌ಗೆ ಹೋಗಿ ತನಗೆ ಮೀಸಲಿಟ್ಟ ಕಾರನ್ನೇ ನೋಡಬೇಕು, ಚಾಸಿ ಸಂಖ್ಯೆ ಮತ್ತು ಓಡೋಮೀಟರ್ ಎರಡರ ಫೋಟೊ ತೆಗೆಯಬೇಕು. ಬೇರೆ ಊರಿನಿಂದ ಬರುವುದಾದರೆ ಟ್ರೇಲರ್‌ನಲ್ಲೋ ಓಡಿಸಿಕೊಂಡೋ ಎಂದು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕೇಳಿ ಉತ್ತರ ಪಡೆದಿಟ್ಟುಕೊಳ್ಳುವುದು ಜಾಣತನ. ಓಡಿಸಿ ತಂದದ್ದಕ್ಕೆ ರಿಯಾಯಿತಿ ಕೊಟ್ಟು, ಹೇಳಿಯೇ ಮಾರಿದರೆ ಕೊಳ್ಳುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಡೆಲಿವರಿ ಪತ್ರಕ್ಕೆ ಸಹಿ ಹಾಕುವಾಗ ಮೀಟರ್ ರೀಡಿಂಗ್ ಅನ್ನು ಕೈಯಲ್ಲೇ ಬರೆದರೂ ಸಾಕು. ಹೊಸ ಕಾರಿಗೆ ಫಾಸ್ಟ್ಯಾಗ್ ಕಡ್ಡಾಯ. ಅದನ್ನು ಮೊದಲೇ ಅಂಟಿಸಿ ಓಡಿಸಿದ್ದರೆ ಟೋಲ್ ದಾಖಲೆಯೇ ಸಾಕ್ಷಿ ಹೇಳುತ್ತದೆ.

ಇಷ್ಟಾಗಿಯೂ ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗಿದೆ. ಹಳೆಯ ಅಥವಾ ಬಳಸಿದ ವಸ್ತುವನ್ನು ಹೊಸದೆಂದು ಹೇಳುವುದು ಅದರ 2(47) ಕಲಂ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಡೀಲರ್ ಪುಣೆಯಲ್ಲಿದ್ದರೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಸಹಾಯವಾಣಿ ಸಂಖ್ಯೆ 1915. ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ದೂರಿನ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷದ ಕಾರಿಗೆ 400.