ಬೆಲ್ಲನ ಮೈಮೇಲಿನ ಹೇನು

ಮಕ್ಕಳೇ, ಹಾಲಾಡಿಯ ನಮ್ಮ ಮನೆಯಲ್ಲಿ ಕಳೆದ ವಾರ ಎರಡು ಬಿಳಿ ಇಲಿಗಳಿಂದಾಗಿ ದೊಡ್ಡ ರಾಮಾಯಣವೇ ನಡೆಯಿತು. ಮೊಮ್ಮಗ ಸಾಕಿದ ಬೆಣ್ಣೆ ಮತ್ತು ಬೆಲ್ಲ ಹಗಲೂ ರಾತ್ರಿಯೂ ಮೈ ಕೆರೆದುಕೊಳ್ಳುತ್ತಿದ್ದವು. ಬೆಲ್ಲನ ಕುತ್ತಿಗೆಯ ಮೇಲೆ ಸಣ್ಣ ಗಾಯಗಳು. ಭೂತಗನ್ನಡಿ ಹಿಡಿದು ನೋಡಿದರೆ ಕೂದಲಿಗೆ ಅಂಟಿದ ಸೀರು, ನಡುವೆ ತೆವಳುವ ಹೇನು!

“ಪ್ಲೇಗ್ ಬಂದೀತು, ಹೊರಗೆ ಬಿಟ್ಟು ಬನ್ನಿ” ಎಂದು ಅವನ ಅಜ್ಜಿಯ ಹಟ. ಆ ಹೆದರಿಕೆಗೆ ಕಾರಣವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು, ಈ ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಕಂಡುಕೊಂಡರು. ಆದರೆ ಚಿಗಟ ಜಿಗಿಯುತ್ತದೆ. ನಾವು ಕಂಡದ್ದು ಹೇನು. ಇಲಿಯ ಹೇನು ಮನುಷ್ಯರ ಮೈಮೇಲೆ ಬಾಳುವುದಿಲ್ಲ. ಇಲಿಗೆ ಹತ್ತುವ ನುಸಿಗಳಲ್ಲಿ ಕೆಲವು ನಮ್ಮನ್ನೂ ಕಚ್ಚುತ್ತವೆ. ಹಾಗಾಗಿ ಇಲಿ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಅಜ್ಜಿಗೆ ಇದನ್ನೆಲ್ಲ ಹೇಳಿ ತಿರುಗಿದರೆ ಮೊಮ್ಮಗ ಕೊಟ್ಟಿಗೆಯಿಂದ ಬಾಟ್ಲಿ ಹಿಡಿದು ಬರುತ್ತಿದ್ದ. “ಅಜ್ಜಯ್ಯ, ದನದ ಉಣ್ಣಿ ಇದ್ರಲ್ಲೇ ಹೋಯ್ತಲ್ದಾ? ಎರಡೇ ಹನಿ ಹಾಕ್ತೆ.”

“ತಡಿ ಮಗಾ!” ಎಂದು ಕೂಗಿದೆ. ನೀವೇ ಲೆಕ್ಕ ಹಾಕಿ: ದನ 300 ಕಿಲೋ, ಇಲಿ 300 ಗ್ರಾಂ. ಸಾವಿರ ಪಾಲು ವ್ಯತ್ಯಾಸ! ಮೇಲಾಗಿ ಇಲಿ ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಾಕಿದ ವಿಷ ಸೀದಾ ಹೊಟ್ಟೆಗೆ. ಆ ಎರಡು ಹನಿಯಲ್ಲಿ ಹೇನಿನ ಜೊತೆ ಬೆಲ್ಲನೂ ಹೋಗುತ್ತಿದ್ದ. ನಾಯಿಗೆ ಹಾಕುವ ಪುಡಿಯೂ ಬೇಡ.

ಪಶುವೈದ್ಯರು ಅಕ್ಕಸಾಲಿಗರ ಹಾಗೆ ತೂಕ ನೋಡಿ, ಐವರ್‌ಮೆಕ್ಟಿನ್ ಔಷಧವನ್ನು ಲೆಕ್ಕ ಹಾಕಿ ಕೊಟ್ಟರು. ಬೆಣ್ಣೆಯ ಮೈಯಲ್ಲಿ ಗಾಯವಿರಲಿಲ್ಲ, ಆದರೂ ಅದಕ್ಕೂ ಬೇಕಂತೆ, ಒಂದೇ ಗೂಡಿನವರಲ್ಲವೇ? ಔಷಧಕ್ಕೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಅದು ಒಡೆದು ಮರಿ ಹೊರಬಂದ ಮೇಲೆ ಇನ್ನೊಮ್ಮೆ ಕೊಡಬೇಕು.

ಹೇನು ಬಂದದ್ದಾದರೂ ಎಲ್ಲಿಂದ? ಗೂಡಿಗೆ ಹಾಸಿದ್ದು ನಮ್ಮದೇ ಹುಲ್ಲುಕುತ್ರಿಯ ಬೈಹುಲ್ಲು. ಅಲ್ಲಿ ಕಾಡಿಲಿಗಳ ಸಂಸಾರ ಇರುವುದು ನನಗೆ ಗೊತ್ತಿತ್ತು, ಹೇಳಬೇಕೆಂದು ಹೊಳೆಯಲಿಲ್ಲ. ಹುಲ್ಲನ್ನು ಸುಟ್ಟೆವು, ಗೂಡಿಗೆ ಕುದಿನೀರು ಹೊಯ್ದು ಬಿಸಿಲಿಗೆ ಇಟ್ಟೆವು.

ಎರಡನೇ ಸಲದ ಔಷಧ ಬರುವ ಶನಿವಾರ. ಈಗ ಗೂಡಿಗೆ ಹಾಸಲು ಬಿಳಿ ಕಾಗದ ಹರಿದು ಕೊಡುತ್ತಿರುವವರು ಅವನ ಅಜ್ಜಿಯೇ. ಇಲಿಗಳನ್ನು ಮುಟ್ಟಲು ಮಾತ್ರ ಇನ್ನೂ ಒಪ್ಪಿಲ್ಲ.