ಗ್ರಂಥಾಲಯಕ್ಕೊಂದು ಬೆಳ್ಳಿತೆರೆ ಬೇಕು

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ರಾಜ್ಯದ ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ತಿಂಗಳಿಗೊಂದು ವಿದೇಶಿ ಚಲನಚಿತ್ರವನ್ನು ಕನ್ನಡ ಸಬ್‌ಟೈಟಲ್‌ಗಳೊಂದಿಗೆ ಉಚಿತವಾಗಿ ತೋರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಓದುಗರನ್ನು ರಂಜಿಸಲು ಗ್ರಂಥಾಲಯಕ್ಕೆ ಹೊಸದೊಂದು ಆಕರ್ಷಣೆ ಬೇಕು ಎಂಬುದು ನನ್ನ ವಾದವಲ್ಲ. ಕನ್ನಡ ಸಬ್‌ಟೈಟಲ್ ಇರುವ ಜಗತ್ತಿನ ಸಿನಿಮಾ ಗ್ರಂಥಾಲಯ ಮೊದಲಿನಿಂದಲೂ ಮಾಡುತ್ತ ಬಂದ ಕೆಲಸದ ಮುಂದುವರಿಕೆ ಎಂಬುದಷ್ಟೇ ನಾನು ಹೇಳಬೇಕಾದದ್ದು. ಹೊರಗಿನ ಜಗತ್ತನ್ನು ಕನ್ನಡದ ಮೂಲಕ ಕನ್ನಡಿಗರ ಮುಂದಿಡುವುದು, ಅದನ್ನು ದುಡ್ಡಿಲ್ಲದವರಿಗೂ ಸಿಗುವಂತೆ ಮಾಡುವುದು ಆ ಕೆಲಸ.

ನಿಮ್ಮ ಕಪಾಟುಗಳೇ ಇದಕ್ಕೆ ಸಾಕ್ಷಿ. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಟಿಸಿದ ‘ವಿಶ್ವ ಕಥಾಕೋಶ’ದ 25 ಸಂಪುಟಗಳು ಆಫ್ರಿಕಾ, ಲ್ಯಾಟಿನ್ ಅಮೆರಿಕ, ಯುರೋಪ್, ಏಷ್ಯಾಗಳ ಕಥೆಗಳನ್ನು ಕನ್ನಡಕ್ಕೆ ತಂದವು. ಟಾಲ್‌ಸ್ಟಾಯ್, ಚೆಕಾಫ್, ಗಾರ್ಕಿ ಎಷ್ಟೋ ಓದುಗರಿಗೆ ಕನ್ನಡ ಲೇಖಕರಷ್ಟೇ ಹತ್ತಿರದವರಾದದ್ದು ಅನುವಾದಗಳಿಂದ, ಮತ್ತು ಆ ಅನುವಾದಗಳನ್ನು ಕೊಂಡು ಇಟ್ಟುಕೊಂಡ ಗ್ರಂಥಾಲಯಗಳಿಂದ. ಪರಭಾಷೆಯ ಕಥೆಗೆ ಹೀಗೆ ಜಾಗ ಕೊಟ್ಟವರು ಅದೇ ಪರಭಾಷೆಯ ಚಿತ್ರವನ್ನು ಹೊರಗೆ ನಿಲ್ಲಿಸುವುದಕ್ಕೆ ತತ್ವದ ಕಾರಣ ಯಾವುದೂ ಕಾಣುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಕುರಿತ ಯುನೆಸ್ಕೊ ಪ್ರಣಾಳಿಕೆಯೂ 1994ರಲ್ಲೇ, ಮುದ್ರಿತ ಸಾಮಗ್ರಿಯ ಜೊತೆಗೆ ಸೂಕ್ತವಾದ ಎಲ್ಲ ಮಾಧ್ಯಮಗಳೂ ಗ್ರಂಥಾಲಯದ ಸಂಗ್ರಹ ಮತ್ತು ಸೇವೆಯ ಭಾಗವಾಗಬೇಕು ಎಂದಿದೆ. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂದು 1931ರಲ್ಲಿ ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಆ ಸೂತ್ರವನ್ನು ಬೇರೆಲ್ಲರಿಗಿಂತ ಮೊದಲು ಪಾಲಿಸಬೇಕಾದವರು ನಾವು.

ಹಳ್ಳಿ, ಸಣ್ಣ ಊರುಗಳ ಜನರಿಗೆ ಇಂಥ ಚಿತ್ರಗಳು ಅರ್ಥವಾಗುತ್ತವೆಯೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಇದಕ್ಕೆ ಉತ್ತರ ಸಿಕ್ಕಿ ಅರ್ಧ ಶತಮಾನವೇ ಆಯಿತು, ಅದೂ ನಮ್ಮ ನಾಡಿನಲ್ಲೇ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣ ಮತ್ತು ಅವರ ಸಂಗಾತಿಗಳು ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ಸುತ್ತಲಿನ ಹಳ್ಳಿಯವರ ಮುಂದಿಟ್ಟರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್ ಅಲ್ಲಿಗೆ ಬಂದು ಚಿತ್ರ ರಸಗ್ರಹಣದ ಪಾಠ ಹೇಳಿದರು. ಚಿತ್ರದ ಪರಿಚಯ, ಚರ್ಚೆ, ಬರಹ ಎಲ್ಲವೂ ಕನ್ನಡದಲ್ಲೇ ಬೆಳೆದವು. ಡಿ ಸಿಕಾ ತೋರಿಸಿದ, ಯುದ್ಧ ಮುಗಿದ ರೋಮ್ ನಗರದಲ್ಲಿ ಕೆಲಸಕ್ಕೆ ಬೇಕೇಬೇಕಾದ ಸೈಕಲನ್ನು ಕಳೆದುಕೊಂಡು ಮಗನ ಜೊತೆ ಬೀದಿ ಬೀದಿ ಅಲೆಯುವ ತಂದೆಯ ಸಂಕಟ, ದಿನಗೂಲಿಯ ಬೆಲೆ ಗೊತ್ತಿರುವವರಿಗೆ ತಿಳಿಯದೆ ಹೋಗುವುದು ಹೇಗೆ? ಒಂದೇ ಜೊತೆ ಬೂಟನ್ನು ಸರದಿಯಂತೆ ಹಾಕಿಕೊಂಡು ಶಾಲೆಗೆ ಓಡುವ ಅಣ್ಣ-ತಂಗಿಯ ಕಥೆಯನ್ನು ಇರಾನಿನ ಮಜೀದ್ ಮಜೀದಿ ‘ಚಿಲ್ಡ್ರನ್ ಆಫ್ ಹೆವನ್’ (1997) ಚಿತ್ರದಲ್ಲಿ ಹೇಳಿದ್ದಾರೆ. ಅದನ್ನು ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀನಾಸಂ ಮಾಡಿದ್ದನ್ನು ಎಲ್ಲ ಊರುಗಳೂ ತಾವಾಗಿ ಮಾಡಲಾರವು. ಅಂಥ ಛಲವಂತರು ಎಲ್ಲೆಡೆ ಹುಟ್ಟುವುದಿಲ್ಲ. ಆದ್ದರಿಂದಲೇ ಈ ಹೊಣೆ ಸಂಸ್ಥೆಯೊಂದರದಾಗಬೇಕು. ಈಗಿನ ಸ್ಥಿತಿ ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ನಟರಾಗಿಸಿ ತೆಗೆದ ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸದಾಗಿ ಸಂರಕ್ಷಣೆಗೊಂಡು 2024ರಲ್ಲಿ ವೆನಿಸ್‌ನಲ್ಲಿ ತೆರೆಕಂಡಿತು. ಅದೇ ವರ್ಷ ಕನ್ನಡದ ಜನಪದ ಕಥೆಯನ್ನು ಆಧರಿಸಿದ ಚಿದಾನಂದ ಎಸ್. ನಾಯ್ಕ್ ಅವರ ಕಿರುಚಿತ್ರ, ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಪಡೆಯಿತು. ನಮ್ಮ ಹಳ್ಳಿಯ ಬದುಕನ್ನು ಜಗತ್ತು ಕುಳಿತು ನೋಡುತ್ತಿದೆ; ಜಗತ್ತಿನ ಹಳ್ಳಿಗಳ ಬದುಕನ್ನು ನೋಡುವ ಅವಕಾಶ ನಮ್ಮ ಹಳ್ಳಿಗಳಿಗಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ವರ್ಷಕ್ಕೊಮ್ಮೆ ಬರುತ್ತದೆ, ರಾಜಧಾನಿಯಲ್ಲಿ ನಡೆದು ಮುಗಿಯುತ್ತದೆ. ಕೊಪ್ಪಳದ ಕಾಲೇಜು ವಿದ್ಯಾರ್ಥಿನಿಗೆ, ಚಾಮರಾಜನಗರದ ಶಿಕ್ಷಕರಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ.

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಗ್ರಂಥಾಲಯದಲ್ಲೇಕೆ ಎಂದು ಕೇಳುವವರಿದ್ದಾರೆ. ಒಟಿಟಿ ವೇದಿಕೆಗಳಿಗೆ ಚಂದಾ ಕಟ್ಟಬೇಕು. ಕಟ್ಟಿದರೂ ವಿದೇಶಿ ಚಿತ್ರಗಳಿಗಿರುವ ಸಬ್‌ಟೈಟಲ್ ಹೆಚ್ಚಾಗಿ ಇಂಗ್ಲಿಷಿನದು. ಅಂದರೆ ಇಂಗ್ಲಿಷ್ ಓದಲು ಬಾರದವರಿಗೆ ಜಪಾನ್, ಇರಾನ್, ಸೆನೆಗಲ್‌ಗಳ ಸಿನಿಮಾ ಇದ್ದೂ ಇಲ್ಲ. ಈ ಕೊರತೆಯನ್ನು ಮಾರುಕಟ್ಟೆ ತಾನಾಗಿ ತುಂಬುವ ಸೂಚನೆ ಇಲ್ಲ. ಸಾರ್ವಜನಿಕ ಸಂಸ್ಥೆಯೇ ತುಂಬಬೇಕು. ಇಲ್ಲಿ ಗ್ರಂಥಾಲಯಕ್ಕೆ ನೇರ ಲಾಭವೂ ಇದೆ. ಪರಭಾಷೆಯ ಚಿತ್ರವನ್ನು ಕನ್ನಡ ಸಬ್‌ಟೈಟಲ್‌ನೊಂದಿಗೆ ನೋಡುವವರು ಎರಡು ಗಂಟೆ ಕಾಲ ಕನ್ನಡ ಓದುತ್ತಾರೆ, ಅದೂ ಕಥೆಯ ಸೆಳೆತಕ್ಕೆ ಸಿಕ್ಕಿ. ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲುಗಳನ್ನು ಕೆಳಗೆ ಹಾಕಿದರೆ ಅರೆಬರೆ ಓದು ಬಲ್ಲವರ ಓದು ಸುಧಾರಿಸುತ್ತದೆ ಎಂಬುದನ್ನು ಸಂಶೋಧಕ ಬ್ರಿಜ್ ಕೊಠಾರಿಯವರ ಪ್ರಯೋಗಗಳು 90ರ ದಶಕದಿಂದ ತೋರಿಸುತ್ತ ಬಂದಿವೆ. ಅಲ್ಲಿ ಕೇಳುವ ಭಾಷೆ, ಓದುವ ಭಾಷೆ ಒಂದೇ. ಇಲ್ಲಿ ಬೇರೆ ಬೇರೆ. ಆ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ತೆರೆಯ ಮೇಲಿನ ಅಕ್ಷರ ಜನರನ್ನು ಓದಿಸುತ್ತದೆ ಎಂಬುದಂತೂ ಸ್ಪಷ್ಟ. ವೇಗವಾಗಿ ಓದಲಾಗದವರಿಗಾಗಿ ಮೊದಲ ತಿಂಗಳುಗಳಲ್ಲಿ ಮೂಕಿ ಚಿತ್ರಗಳನ್ನೂ ಮಾತು ಕಡಿಮೆಯಿರುವ ಚಿತ್ರಗಳನ್ನೂ ಆರಿಸಬಹುದು. ಚಾಪ್ಲಿನ್‌ಗೆ ಅನುವಾದಕರ ಅಗತ್ಯ ಬಿದ್ದದ್ದು ಕಡಿಮೆ.

ಗ್ರಂಥಾಲಯದ ಮೌನ ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಷ್ಟೋ ಯುವಕ ಯುವತಿಯರಿಗೆ ಸಾರ್ವಜನಿಕ ಗ್ರಂಥಾಲಯ ಬಿಟ್ಟರೆ ಬೇರೆ ಜಾಗವಿಲ್ಲ. ಮನೆಯಲ್ಲಿ ಅವರಿಗೆ ಒಂದು ಮೇಜೂ ಇರುವುದಿಲ್ಲ. ಅವರ ಒಂದು ಗಂಟೆಯನ್ನೂ ಕಸಿಯಬಾರದು. ಆದ್ದರಿಂದ ಪ್ರದರ್ಶನ ಓದುವ ವೇಳೆ ಮುಗಿದ ಮೇಲೆ ಅಥವಾ ಪ್ರತ್ಯೇಕ ಸಭಾಂಗಣದಲ್ಲಿ ಮಾತ್ರ ಇರಲಿ. ಹಣದ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಸ್ಥಳೀಯ ಸಂಸ್ಥೆಗಳಿಂದ ಸಕಾಲಕ್ಕೆ ಇಲಾಖೆಗೆ ಬರುವುದಿಲ್ಲ ಎಂಬುದು ಹಳೆಯ ದೂರು. ಪುಸ್ತಕ ಖರೀದಿಗೆ ಮೀಸಲಾದ ಹಣದಿಂದ ಒಂದು ರೂಪಾಯಿಯನ್ನೂ ಸಿನಿಮಾಕ್ಕೆ ತೆಗೆಯಬಾರದು ಎಂಬುದೇ ನನ್ನ ನಿಲುವು ಕೂಡ. ಆದರೆ ಕೇಳುತ್ತಿರುವುದು ಚಿತ್ರಮಂದಿರವನ್ನಲ್ಲ. ಒಂದು ಪ್ರೊಜೆಕ್ಟರ್, ಒಂದು ಪರದೆ, ಒಳ್ಳೆಯ ಧ್ವನಿವರ್ಧಕ, ಸಂಜೆ ಎರಡೂವರೆ ಗಂಟೆ ಇರಬಲ್ಲ ಒಬ್ಬ ಸಿಬ್ಬಂದಿ ಮತ್ತು ಅವರಿಗೆ ನ್ಯಾಯವಾದ ಭತ್ಯೆ, ಇಷ್ಟೇ. ಪ್ರೊಜೆಕ್ಟರನ್ನು ಹತ್ತಿರದ ಕಾಲೇಜಿನಿಂದಲೂ ಪಡೆಯಬಹುದು.

ಕಾನೂನಿನ ವಿಷಯದಲ್ಲಿ ಕಣ್ಣು ಮುಚ್ಚಿ ನಡೆಯುವಂತಿಲ್ಲ. ಟಿಕೆಟ್ ಇಲ್ಲದಿದ್ದರೆ ಅನುಮತಿ ಬೇಡ ಎಂಬ ನಂಬಿಕೆ ತಪ್ಪು. ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘಗಳು ಆಡುವ ನಾಟಕ, ಸಂಗೀತಕ್ಕೆ ಹಕ್ಕುಸ್ವಾಮ್ಯ ಕಾಯ್ದೆ ಕೊಡುವ ವಿನಾಯಿತಿ ಚಲನಚಿತ್ರಕ್ಕೆ ಅನ್ವಯಿಸುವುದಿಲ್ಲ. ಚಿತ್ರದ ಹಕ್ಕು ಬಿಡುಗಡೆಯಾದ ವರ್ಷದ ನಂತರ 60 ವರ್ಷ ಇರುತ್ತದೆ. ಹಳೆಯ ಚಿತ್ರಗಳಲ್ಲೂ ಕಥೆ, ಸಂಗೀತಗಳ ಹಕ್ಕು ಬೇರೆಯಾಗಿ ಉಳಿದಿರಬಹುದು. ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಮಾಣಪತ್ರ ಅಥವಾ ವಿನಾಯಿತಿ, ರಾಜ್ಯದ 1964ರ ಸಿನಿಮಾ ನಿಯಂತ್ರಣ ಕಾಯ್ದೆಯ ಷರತ್ತುಗಳೂ ಇವೆ. ಇವನ್ನೆಲ್ಲ ಒಬ್ಬ ಗ್ರಂಥಪಾಲಕರ ಹೆಗಲಿಗೆ ಹೊರಿಸಿದರೆ ಯಾರೂ ಮುಂದೆ ಬರುವುದಿಲ್ಲ. ಈ ಕಾರಣಕ್ಕೆ ಅನುಮತಿಗಳನ್ನು ಇಲಾಖೆಯೇ ರಾಜ್ಯಕ್ಕೆಲ್ಲ ಒಂದೇ ಸಲ ಪಡೆಯಬೇಕು ಎಂದು ಕೇಳುತ್ತಿದ್ದೇನೆ. ಫಿಲ್ಮ್ ಸೊಸೈಟಿಗಳು ದಶಕಗಳಿಂದ ಈ ದಾರಿಯಲ್ಲಿ ನಡೆದಿವೆ. ಬೆಂಗಳೂರಿನ ಸುಚಿತ್ರಾ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್‌ಗಳ ಅನುಭವ ಕೇಳಿದರೆ ಅರ್ಧ ಕಷ್ಟ ಕಡಿಮೆಯಾದೀತು.

ಚಿತ್ರಗಳ ಆಯ್ಕೆಯಿಂದ ವಿವಾದ ಏಳಬಹುದೆಂಬ ಭಯ ಸಹಜ. ಪುಸ್ತಕದ ಆಯ್ಕೆಯಲ್ಲೂ ಅದೇ ಭಯವಿದೆ. ಹಾಗೆಂದು ಪುಸ್ತಕ ಕೊಳ್ಳುವುದನ್ನು ಇಲಾಖೆ ನಿಲ್ಲಿಸಿಲ್ಲ. ಶಿಕ್ಷಕರು, ಲೇಖಕರು, ಚಿತ್ರಕರ್ಮಿಗಳು, ಗ್ರಂಥಪಾಲಕರು ಇರುವ, ಅರ್ಧದಷ್ಟು ಮಹಿಳೆಯರನ್ನು ಒಳಗೊಂಡ ಸಮಿತಿ ವರ್ಷಕ್ಕೆ 12 ಚಿತ್ರಗಳನ್ನು ಆರಿಸಲಿ. ಯಾವ ವಯಸ್ಸಿನವರಿಗೆ ಯಾವ ಚಿತ್ರ ಎಂಬುದನ್ನು ಮೊದಲೇ ಪ್ರಕಟಿಸಲಿ. ಒಂದು ಚಿತ್ರದ ಸಂಭಾಷಣೆ ಸಾಮಾನ್ಯವಾಗಿ ಸಾವಿರದ ಆಸುಪಾಸಿನ ಪುಟ್ಟ ಸಾಲುಗಳು. ಹಕ್ಕುದಾರರ ಒಪ್ಪಿಗೆ ಪಡೆದು ಇದನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಸಹಯೋಗದಲ್ಲಿ ಅನುವಾದಿಸಬಹುದು. ಒಮ್ಮೆ ಸಿದ್ಧವಾದ ಕನ್ನಡ ಪಠ್ಯ 31 ಜಿಲ್ಲೆಗಳಿಗೂ ಒದಗುತ್ತದೆ. ಪ್ರದರ್ಶನದ ದಿನ ಆ ದೇಶದ ಕಥೆ, ಕಾದಂಬರಿ, ಇತಿಹಾಸದ ಕನ್ನಡ ಪುಸ್ತಕಗಳನ್ನು ಬಾಗಿಲ ಬಳಿ ಜೋಡಿಸಿಟ್ಟರೆ, ಚಿತ್ರ ನೋಡಿ ಎದ್ದವರ ಕೈಗೆ ಪುಸ್ತಕ ಸಿಗುತ್ತದೆ. ಬಳಿಕ ಅರ್ಧ ಗಂಟೆಯ ಮಾತುಕತೆ ಕಡ್ಡಾಯವಾಗಿರಲಿ, ಏಕೆಂದರೆ ಅಪರಿಚಿತರು ಒಟ್ಟಿಗೆ ಕುಳಿತು ಭಿನ್ನಾಭಿಪ್ರಾಯವನ್ನು ಸಭ್ಯವಾಗಿ ಆಡಿಕೊಳ್ಳುವ ಜಾಗಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿವೆ.

ಮಾನ್ಯರೇ, ಎಲ್ಲ ಕಡೆ ಒಮ್ಮೆಗೇ ಆರಂಭಿಸಿ ಎಂದು ಕೇಳುತ್ತಿಲ್ಲ. ಬೆಂಗಳೂರಿನ ಹೊರಗಿನ ಐದು ಜಿಲ್ಲಾ ಕೇಂದ್ರಗಳಲ್ಲಿ ಒಂದು ವರ್ಷ ನಡೆಸಿ ನೋಡಿ. ಎಷ್ಟು ಜನ ಬಂದರು, ಎಷ್ಟು ಹೊಸ ಸದಸ್ಯತ್ವ ನೋಂದಣಿಯಾಯಿತು, ಯಾವ ಪುಸ್ತಕಗಳು ಎರವಲು ಹೋದವು ಎಂಬ ಲೆಕ್ಕವಿಟ್ಟು ಸಾರ್ವಜನಿಕರ ಮುಂದಿಡಿ. ಫಲ ಕಾಣದಿದ್ದರೆ ನಿಲ್ಲಿಸುವ ಅಧಿಕಾರ ನಿಮ್ಮದೇ. ಫಲ ಕಂಡರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ವಿಸ್ತರಿಸುವಂತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಶಿಫಾರಸು ಮಾಡಿ. ಮುಂದಿನ ಆಯವ್ಯಯಕ್ಕೆ ಪ್ರಸ್ತಾವ ಸಲ್ಲಿಸುವಾಗ ಇದಕ್ಕಾಗಿ ಒಂದು ಪ್ರತ್ಯೇಕ ಶೀರ್ಷಿಕೆ ಸೇರಿಸಬೇಕೆಂದು ವಿನಂತಿಸುತ್ತೇನೆ.


ಸಾರ್ವಜನಿಕ ಗ್ರಂಥಾಲಯದ ಒಬ್ಬ ಓದುಗ